ಓದುವ ಕಣ್ಣು

೧೯೭೧ನೆಯ ಇಸವಿಯಲ್ಲಿ ಇರಾಕ್ ದೇಶವು ಮಳೆಯಿಲ್ಲದೆ ಬೆಳೆ ಕಳೆದುಕೊಂಡು ಕಂಗೆಟ್ಟಿತ್ತು. ಮುಂದಿನ ಬಿತ್ತನೆಗೆ ಒದಗಲೆಂದು ಅಲ್ಲಿನ ಸರಕಾರವು ಹೊರದೇಶಗಳಿಂದ ಗೋಧಿ ಮತ್ತು ಬಾರ್ಲಿಯ ಬೀಜಗಳನ್ನು ತರಿಸಿ ಹಳ್ಳಿಗಳಿಗೆ ಹಂಚಿಸಿತು. ಬೀಜಕ್ಕೆ ಬೂಷ್ಟು ಹಿಡಿಯಬಾರದೆಂದು ಅದಕ್ಕೆ ಪಾದರಸದ ಒಂದು ವಿಷಸಂಯುಕ್ತವನ್ನು ಸವರಿದ್ದರು. ಉಣ್ಣುವ ಧಾನ್ಯವಲ್ಲವೆಂಬ ಗುರುತಿಗಾಗಿ ಬಣ್ಣವನ್ನೂ ಹಾಕಿದ್ದರು. ಚೀಲಗಳ ಮೇಲೆ ಎಚ್ಚರಿಕೆಯ ಮಾತುಗಳನ್ನು ಅಚ್ಚು ಹಾಕಿಸಿದ್ದುದೂ ಉಂಟು. ಆದರೆ ಆ ಮಾತುಗಳಿದ್ದುದು ಸ್ಪಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ. ಎಷ್ಟೋ ಕಡೆಗಳಿಗೆ ಬೀಜವು ಬಿತ್ತನೆಯ ಕಾಲ ಮೀರಿದ ಮೇಲೆ ಬಂದು ಸೇರಿತು. ಅಡುಗೆಮನೆಯಲ್ಲಿ ಹಿಟ್ಟಿಲ್ಲ, ಮನೆಯ ಮೂಲೆಯಲ್ಲಿ ಚೀಲ ತುಂಬ ಗೋಧಿಯಿದೆ. ಜನರು ಅದನ್ನೇ ಬೀಸಿ ರೊಟ್ಟಿ ಮಾಡಿಕೊಂಡು ತಿಂದರು.

ಅವರು ವಿಚಾರವಿಲ್ಲದೆ ತಿಂದವರಲ್ಲ. ಕೆಲವರು ಮೊದಲು ಕೋಳಿ ಮೊದಲಾದ ಸಾಕುಪ್ರಾಣಿಗಳಿಗೆ ಹಾಕಿ ಕೆಲವು ದಿನ ಕಾದು ನೋಡಿದರು. ಅವಕ್ಕೆ ಏನೂ ಆಗಲಿಲ್ಲ. ಕೆಲವರು ಬೀಜವನ್ನು ಚೆನ್ನಾಗಿ ತೊಳೆದರು. ಬಣ್ಣ ಹೋಯಿತು, ವಿಷ ಹೋಗಲಿಲ್ಲ. ಈ ಸಂಯುಕ್ತದ ಗುಣವೇ ಹಾಗೆ: ಅದು ದೇಹವನ್ನು ಸೇರಿ ವಾರಗಳು ಕಳೆದ ಮೇಲೆ ನರಮಂಡಲವನ್ನು ಕೆಡಿಸತೊಡಗುತ್ತದೆ. ೧೯೭೨ರ ಮೊದಲ ತಿಂಗಳುಗಳಲ್ಲಿ ಕೈಕಾಲು ಜೋಮು ಹಿಡಿದವರು, ದೃಷ್ಟಿ ಮಂಜಾದವರು, ನಿಲ್ಲಲಾರದವರು ಒಬ್ಬರ ಹಿಂದೊಬ್ಬರು ಆಸ್ಪತ್ರೆಗಳಿಗೆ ಬಂದರು. ಆಸ್ಪತ್ರೆಗಳ ಲೆಕ್ಕದಂತೆ ಹಾಗೆ ಸೇರಿದವರು ೬,೫೩೦ ಮಂದಿ. ಅವರಲ್ಲಿ ತೀರಿಕೊಂಡವರು ೪೫೯ ಮಂದಿ.

ಈ ಅನಾಹುತಕ್ಕೆ ಕಾರಣಗಳು ಹಲವು. ಹಸಿವು ಒಂದು ಕಾರಣ. ಬೀಜ ತಡವಾಗಿ ಬಂದುದು ಇನ್ನೊಂದು. ಉಪಯೋಗಿಸುವವರು ಅರಿಯದ ಭಾಷೆಯಲ್ಲಿ ಎಚ್ಚರಿಕೆಯನ್ನು ಬರೆದು ಕೈತೊಳೆದುಕೊಂಡವರ ಅಲಕ್ಷ್ಯ ಮತ್ತೊಂದು. ಆದರೂ ಇವೆಲ್ಲದರ ನಡುವೆ ಎದ್ದು ಕಾಣುವ ಸಂಗತಿಯೆಂದರೆ, ಜೀವವನ್ನು ಉಳಿಸಬಲ್ಲ ಮಾತು ಚೀಲದ ಮೇಲೆಯೇ ಇತ್ತು, ಅದರ ಮೇಲೆ ಕಣ್ಣುಗಳೂ ಬಿದ್ದಿದ್ದುವು, ಆದರೆ ಮಾತು ಮನಸ್ಸನ್ನು ಮುಟ್ಟಲಿಲ್ಲ. ಓದಲಾರದವನಿಗೂ, ಓದು ಬಂದರೂ ಆ ಭಾಷೆ ಬಾರದವನಿಗೂ ಅದು ಕೇವಲ ಶಾಯಿಯ ಗೆರೆಯಾಗಿತ್ತು.

ಇಂದಿಗೂ ಜಗತ್ತಿನಲ್ಲಿ ೭೦ ಕೋಟಿಗೂ ಮೀರಿದ ವಯಸ್ಕರು ಯಾವ ಭಾಷೆಯಲ್ಲಿಯೂ ಒಂದು ಸರಳ ವಾಕ್ಯವನ್ನು ಓದಲಾರರು, ಬರೆಯಲಾರರು. ಅವರಲ್ಲಿ ಮೂವರಿಗೆ ಸುಮಾರು ಇಬ್ಬರು ಹೆಂಗಸರು. ಸಾಕ್ಷರತೆಯ ಪ್ರಸಾರವೆಂಬುದು ಉಪಾಧ್ಯಾಯರಿಗೂ ಸಮಾಜಸೇವಕರಿಗೂ ಬಿಟ್ಟ ವಿಷಯ, ವಿಜ್ಞಾನಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಆದರೆ ಓದುವಾಗ ಕಣ್ಣಿನಲ್ಲಿಯೂ ಮಿದುಳಿನಲ್ಲಿಯೂ ಏನು ನಡೆಯುತ್ತದೆ ಎಂಬುದನ್ನು ಅರಿತರೆ, ಓದು ಬಾರದಿರುವುದು ಬುದ್ಧಿಯ ಕೊರತೆಯಲ್ಲವೆಂಬುದೂ, ಕಲಿಸುವ ಕೆಲಸವನ್ನು ಎಲ್ಲಿಗೆ ನಿಲ್ಲಿಸಬಾರದೆಂಬುದೂ ತಾನಾಗಿಯೇ ಸ್ಪಷ್ಟವಾಗುತ್ತದೆ.

ನಿಸರ್ಗವು ಕೊಡದ ವಿದ್ಯೆ

ಮಾತನಾಡುವುದನ್ನು ಮಗುವಿಗೆ ಯಾರೂ ಕುಳ್ಳಿರಿಸಿ ಕಲಿಸುವುದಿಲ್ಲ. ಸುತ್ತಲಿನವರ ಮಾತನ್ನು ಕೇಳುತ್ತ ಕೇಳುತ್ತ ಅದು ಮೂರು ನಾಲ್ಕು ವರ್ಷಗಳಲ್ಲಿ ತನ್ನ ಮನೆಮಾತನ್ನು ಸ್ವಾಧೀನಪಡಿಸಿಕೊಳ್ಳುತ್ತದೆ. ಓದು ಹಾಗಲ್ಲ. ಪುಸ್ತಕಗಳ ರಾಶಿಯ ನಡುವೆ ಬೆಳೆದ ಮಗುವೂ, ಕಲಿಸುವವರಿಲ್ಲದಿದ್ದರೆ, ಸಾಮಾನ್ಯವಾಗಿ ಓದುವುದನ್ನು ಕಲಿಯದು.

ಇದಕ್ಕೆ ಕಾರಣವನ್ನು ಕಾಲಮಾನದಲ್ಲಿ ಹುಡುಕಬೇಕು. ನಮ್ಮ ಮಾನವಜಾತಿಯು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ೩ ಲಕ್ಷ ವರ್ಷಗಳಾದುವು. ಬರವಣಿಗೆ ಹುಟ್ಟಿ ೫,೦೦೦ ವರ್ಷಗಳಿಗೆ ತುಸು ಹೆಚ್ಚಾಗಿದೆ, ಅಷ್ಟೆ. ಆ ೩ ಲಕ್ಷ ವರ್ಷಗಳನ್ನು ಒಂದು ದಿನವೆಂದು ಭಾವಿಸಿದರೆ, ಬರವಣಿಗೆಯು ಹುಟ್ಟಿದುದು ದಿನದ ಕೊನೆಯ ಅರ್ಧ ಗಂಟೆಯೊಳಗೆ. ಇಷ್ಟು ಅಲ್ಪಕಾಲದಲ್ಲಿ ಓದುವುದಕ್ಕೆಂದೇ ಒಂದು ಅಂಗವು ವಿಕಾಸ ಹೊಂದುವುದು ಸಾಧ್ಯವಿಲ್ಲ. ವಿಚಿತ್ರವೆಂದರೆ, ನಮಗೆ ತಿಳಿದಿರುವ ಅತಿ ಪ್ರಾಚೀನ ಬರವಣಿಗೆ ದೊರೆತುದು ಇದೇ ಇರಾಕಿನ ನೆಲದಲ್ಲಿ. ಅಲ್ಲಿನ ಸುಮೇರಿಯನರು ಜೇಡಿಮಣ್ಣಿನ ಹಲಗೆಗಳ ಮೇಲೆ ಮೊದಮೊದಲು ಬರೆದಿಟ್ಟುದು ಕಾವ್ಯವನ್ನಲ್ಲ, ಧಾನ್ಯವೇ ಮೊದಲಾದ ವಸ್ತುಗಳ ಲೆಕ್ಕವನ್ನು. ಅಕ್ಷರವು ಹುಟ್ಟಿದುದು ಅನ್ನದ ಲೆಕ್ಕಕ್ಕಾಗಿ ಎನ್ನಬಹುದು.

ಹೀಗೆ ಓದು ಎಂಬುದು ಹುಟ್ಟಿನಿಂದ ಬಂದ ಶಕ್ತಿಯಲ್ಲ. ಪ್ರತಿಯೊಬ್ಬರೂ ಹೊಸದಾಗಿ ಸಂಪಾದಿಸಬೇಕಾದ ವಿದ್ಯೆ. ಅದು ಯಾವ ಜನಾಂಗದ ಸ್ವತ್ತೂ ಅಲ್ಲ, ಯಾವ ಜನಾಂಗಕ್ಕೂ ನಿಷಿದ್ಧವಲ್ಲ.

ಕಣ್ಣಿನ ನೆಗೆತ

ಓದುವಾಗ ನಮ್ಮ ದೃಷ್ಟಿಯು ಸಾಲಿನ ಮೇಲೆ ನೀರು ಹರಿದಂತೆ ಹರಿಯುತ್ತದೆ ಎಂದು ನಮಗೆ ತೋರುತ್ತದೆ. ಇದು ಭ್ರಮೆ. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಮತ್ತು ಅವನ ಸಹೋದ್ಯೋಗಿಗಳು ಕಣ್ಣು ಸಾಲಿನ ಮೇಲೆ ನೆಗೆನೆಗೆದು ಸಾಗುತ್ತದೆಂಬುದನ್ನು ಕಂಡುಕೊಂಡರು. ಕಣ್ಣು ಒಂದೆಡೆ ಸುಮಾರು ಕಾಲು ಸೆಕೆಂಡಿನಷ್ಟು ತಂಗುತ್ತದೆ; ಮರುಕ್ಷಣ ಮುಂದಕ್ಕೆ ನೆಗೆದು ಮತ್ತೆ ತಂಗುತ್ತದೆ. ಅಕ್ಷರಗಳನ್ನು ಗ್ರಹಿಸುವುದು ತಂಗಿದಾಗ ಮಾತ್ರ.

ಏಕೆ ಹೀಗೆ? ಕಣ್ಣಿನ ಅಕ್ಷಿಪಟಲದಲ್ಲಿ ಅತಿ ಸೂಕ್ಷ್ಮವಾದ ವಿವರವನ್ನು ಕಾಣಬಲ್ಲ ಭಾಗವು ನಡುವಿನ ಒಂದು ಪುಟ್ಟ ಕುಳಿ. ನಿಮ್ಮ ತೋಳನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಹೆಬ್ಬೆರಳಿನ ಅಗಲವು ಕಣ್ಣಿನಲ್ಲಿ ಸುಮಾರು ೨ ಡಿಗ್ರಿ ಕೋನವನ್ನು ಮಾಡುತ್ತದೆ. ಒಂದು ಕ್ಷಣದಲ್ಲಿ ನಾವು ನಿಚ್ಚಳವಾಗಿ ಕಾಣಬಲ್ಲುದು ಇಷ್ಟನ್ನು ಮಾತ್ರ. ನಂಬಿಕೆಯಾಗದಿದ್ದರೆ ಈ ಪುಟದ ಒಂದು ಸಾಲಿನ ನಡುವಿನ ಪದದ ಮೇಲೆ ದೃಷ್ಟಿಯನ್ನು ನೆಟ್ಟು, ಕಣ್ಣನ್ನು ಕದಲಿಸದೆ ಆ ಸಾಲಿನ ಕೊನೆಯ ಪದವನ್ನು ಓದಲು ಯತ್ನಿಸಿ. ಅಲ್ಲಿ ಏನೋ ಇದೆಯೆಂದು ಕಾಣುತ್ತದೆಯೇ ಹೊರತು ಏನಿದೆಯೆಂದು ತಿಳಿಯದು.

ಪಳಗಿದ ಓದುಗನು ಒಂದೊಂದು ತಂಗುವಿಕೆಯಲ್ಲಿ ಒಂದು ಪದವನ್ನೋ ಅದರ ದೊಡ್ಡ ಭಾಗವನ್ನೋ ಒಟ್ಟಾಗಿ ಹಿಡಿಯುತ್ತಾನೆ. ಹೊಸದಾಗಿ ಕಲಿತವನಾದರೋ ಒಂದೊಂದು ಅಕ್ಷರದ ಬಳಿಯಲ್ಲಿಯೂ ನಿಂತು, ಗುರುತು ಹಿಡಿದು, ಬಾಯಲ್ಲಿ ಹೇಳಿಕೊಂಡು ಮುಂದೆ ಹೋಗುತ್ತಾನೆ. ಕನ್ನಡದ ವರ್ಣಮಾಲೆಯಲ್ಲಿ ೪೯ ಅಕ್ಷರಗಳಿವೆಯೆಂದು ನಾವು ಹೇಳುವುದುಂಟು. ಆದರೆ ೩೪ ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ೪೦೦ನ್ನು ಮೀರುತ್ತವೆ; ಒತ್ತಕ್ಷರಗಳು ಬೇರೆ. ನುಡಿದಂತೆ ಬರೆಯುವ ಲಿಪಿ ನಮ್ಮದಾದುದರಿಂದ ಒಮ್ಮೆ ಕಲಿತವನಿಗೆ ಉಚ್ಚಾರಣೆಯ ತೊಡಕಿಲ್ಲ. ಆದರೆ ಆ ರೂಪಗಳೆಲ್ಲ ಕಣ್ಣಿಗೆ ಪಳಗಲು ಕಾಲ ಬೇಕು.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಔಷಧದ ಸೀಸೆಯ ಮೇಲೆ “ಈ ಔಷಧವನ್ನು ಊಟದ ನಂತರ ದಿನಕ್ಕೆ ಎರಡು ಸಲ ಕೊಡಬೇಕು” ಎಂದು ಬರೆದಿದೆಯೆನ್ನಿ. ಇದರಲ್ಲಿ ೨೪ ಅಕ್ಷರಗಳಿವೆ. ನಿಮಗೆ ಇದನ್ನು ಓದಲು ಮೂರು ಸೆಕೆಂಡುಗಳು ಸಾಕು. ಒಂದೊಂದು ಅಕ್ಷರಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ತೆಗೆದುಕೊಳ್ಳುವವರಿಗೆ ಅರ್ಧ ನಿಮಿಷ ಹಿಡಿಯುತ್ತದೆ. ಆದರೆ ಈಗತಾನೆ ಕೇಳಿದುದನ್ನು, ಓದಿದುದನ್ನು ಹಿಡಿದಿಟ್ಟುಕೊಳ್ಳುವ ನಮ್ಮ ಅಲ್ಪಕಾಲದ ನೆನಪಿನ ಶಕ್ತಿಗೆ ಮಿತಿಯುಂಟು. ಪುನಃ ಪುನಃ ಹೇಳಿಕೊಳ್ಳದಿದ್ದರೆ ಅದು ಕೆಲವು ಸೆಕೆಂಡುಗಳಲ್ಲಿ ಜಾರಿಹೋಗುತ್ತದೆ. ಆದುದರಿಂದ ‘ಕೊಡಬೇಕು’ ಎಂಬಲ್ಲಿಗೆ ಬರುವ ವೇಳೆಗೆ ‘ಊಟದ ನಂತರ’ ಎಂಬುದು ಮರೆತಿರುತ್ತದೆ. ಅಕ್ಷರಗಳೆಲ್ಲ ಬಂದುವು, ಅರ್ಥ ಮಾತ್ರ ಬರಲಿಲ್ಲ. ಹೀಗೆ ಶ್ರಮಪಟ್ಟು ಓದಿ ಫಲ ಕಾಣದವರು ಕ್ರಮೇಣ ಓದುವುದನ್ನೇ ಬಿಡುತ್ತಾರೆ. ಬಿಟ್ಟ ಮೇಲೆ ಕಲಿತುದೂ ಮಾಸುತ್ತದೆ. ಅಕ್ಷರಾಭ್ಯಾಸವು ವೇಗದ ಒಂದು ಹಂತವನ್ನು ಮುಟ್ಟುವವರೆಗೆ ನಡೆಯಲೇಬೇಕೆಂಬುದಕ್ಕೆ ಇದು ಮುಖ್ಯ ಕಾರಣ.

ಮಿದುಳಿನಲ್ಲಿ ಅಕ್ಷರದ ಸ್ಥಾನ

ಕಣ್ಣು ಕಂಡುದನ್ನು ಅಕ್ಷರವೆಂದು ಗುರುತಿಸುವುದು ಮಿದುಳು. ಎಲ್ಲಿ? ಇದರ ಮೊದಲ ಸುಳಿವನ್ನು ಕೊಟ್ಟವನು ಪ್ಯಾರಿಸ್ ನಗರದ ನರವೈದ್ಯ ಜೂಲ್ ದೆಜೆರಿನ್. ಅವನು ೧೮೯೨ರಲ್ಲಿ ಒಬ್ಬ ವಿದ್ಯಾವಂತ ರೋಗಿಯ ವೃತ್ತಾಂತವನ್ನು ಪ್ರಕಟಿಸಿದನು. ಆ ಮನುಷ್ಯನಿಗೆ ಒಂದು ದಿನ ಇದ್ದಕ್ಕಿದ್ದಂತೆ ಓದುವುದು ತಪ್ಪಿಹೋಯಿತು. ಮಾತು ಸರಿಯಾಗಿತ್ತು, ವಸ್ತುಗಳ ಗುರುತು ಸರಿಯಾಗಿತ್ತು, ಬರೆಯುವುದಕ್ಕೂ ಬರುತ್ತಿತ್ತು. ಆದರೆ ತಾನೇ ಬರೆದುದನ್ನು ತಾನೇ ಓದಲಾರದವನಾಗಿದ್ದನು. ಅವನ ಮರಣಾನಂತರ ಪರೀಕ್ಷಿಸಿದಾಗ ಮಿದುಳಿನ ಎಡಭಾಗದ ಹಿಂಬದಿಯಲ್ಲಿ ರಕ್ತಸಂಚಾರ ತಪ್ಪಿ ಕೆಟ್ಟುಹೋಗಿದ್ದ ಭಾಗವು ಕಂಡುಬಂದಿತು.

ಜೀವಂತವಾಗಿರುವವರ ಮಿದುಳಿನ ಕಾರ್ಯವನ್ನು ಕಾಂತಕ್ಷೇತ್ರದ ಸಹಾಯದಿಂದ ಚಿತ್ರಿಸುವ ಯಂತ್ರಗಳು ಬಂದ ಮೇಲೆ ಈ ಶೋಧನೆ ಮುಂದುವರಿಯಿತು. ಸ್ಟಾನಿಸ್ಲಾಸ್ ದೆಹೆನ್ ಮತ್ತು ಅವರ ಸಂಗಡಿಗರು ಬ್ರೆಜಿಲ್ ಮತ್ತು ಪೋರ್ಚುಗಲ್ ದೇಶಗಳ ೬೩ ಮಂದಿ ವಯಸ್ಕರನ್ನು ಪರೀಕ್ಷಿಸಿ ೨೦೧೦ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಇವರಲ್ಲಿ ೩೧ ಮಂದಿ ಬಾಲ್ಯದಲ್ಲಿ ಓದು ಕಲಿತವರು, ೨೨ ಮಂದಿ ದೊಡ್ಡವರಾದ ಮೇಲೆ ಕಲಿತವರು, ೧೦ ಮಂದಿ ಕಲಿಯದೆ ಉಳಿದವರು. ಓದು ಬಲ್ಲವರು ಅಕ್ಷರಗಳನ್ನು ನೋಡಿದಾಗ ಮಿದುಳಿನ ಎಡಗಡೆಯ ತಳಭಾಗದಲ್ಲಿರುವ ಒಂದು ನಿರ್ದಿಷ್ಟ ಪ್ರದೇಶವು ಚುರುಕಾಗಿ ಕೆಲಸ ಮಾಡುತ್ತಿತ್ತು. ಕಲಿಯದವರಲ್ಲಿ ಆ ಪ್ರದೇಶವು ಇಲ್ಲದೆ ಹೋಗಿರಲಿಲ್ಲ. ಅದು ಮುಖಗಳೇ ಮೊದಲಾದ ಬೇರೆ ಆಕಾರಗಳನ್ನು ಗುರುತಿಸುವ ಕೆಲಸದಲ್ಲಿತ್ತು. ಓದು ಕಲಿಯುವುದೆಂದರೆ ಹಳೆಯ ಅಂಗಕ್ಕೆ ಹೊಸ ಕೆಲಸವನ್ನು ಒಪ್ಪಿಸುವುದು ಎಂದಂತಾಯಿತು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ವಯಸ್ಸಾದ ಮೇಲೆ ಕಲಿತವರಲ್ಲಿಯೂ ಈ ಮಾರ್ಪಾಡು ಕಾಣಿಸಿಕೊಂಡಿತ್ತು.

ನಮ್ಮ ದೇಶದಲ್ಲಿಯೂ ಇಂತಹ ಪರೀಕ್ಷೆ ನಡೆದಿದೆ. ಲಕ್ನೋ ನಗರದ ಸಮೀಪದ ಹಳ್ಳಿಗಳಲ್ಲಿ ಅಕ್ಷರವರಿಯದ, ಸುಮಾರು ೩೦ರ ವಯಸ್ಸಿನ ಜನರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು, ಆರು ತಿಂಗಳ ಕಾಲ ದೇವನಾಗರಿ ಲಿಪಿಯಲ್ಲಿ ಹಿಂದಿಯನ್ನು ಕಲಿಸಲಾಯಿತು. ೨೦೧೭ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಅಷ್ಟು ಅಲ್ಪಾವಧಿಯಲ್ಲಿಯೇ ಅವರ ಮಿದುಳಿನ ಒಳಭಾಗಗಳಿಗೂ ದೃಷ್ಟಿಗೆ ಸಂಬಂಧಪಟ್ಟ ಹೊರಪದರಕ್ಕೂ ಇರುವ ಹೊಂದಾಣಿಕೆಯು ಹೆಚ್ಚಿತ್ತು. ‘ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ಹೇಳಿ ವಯಸ್ಕರ ಶಿಕ್ಷಣವನ್ನು ಹಗುರಾಗಿ ಕಾಣುವವರಿಗೆ ಇದು ತಕ್ಕ ಉತ್ತರ. ಎಳೆತನದಲ್ಲಿ ಕಲಿಯುವುದು ಸುಲಭವೆಂಬುದು ನಿಜ. ಆದರೆ ಈ ಬಾಗಿಲು ಮುಚ್ಚಿಹೋಗುವುದಿಲ್ಲ.

ಚಾಳೀಸು

ಮಿದುಳು ಸಿದ್ಧವಾಗಿದ್ದರೂ ಬೇರೊಂದು ಸಣ್ಣ ವಿಷಯವು ಅಡ್ಡ ಬರಬಹುದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ೧೯೮೯ರ ಜನವರಿ ೨೬ರಂದು ಒಂದು ದೊಡ್ಡ ಸಾಕ್ಷರತಾ ಆಂದೋಲನವು ಆರಂಭವಾಯಿತು. ವಿಜ್ಞಾನವನ್ನು ಜನರ ಭಾಷೆಯಲ್ಲಿ ಪ್ರಚಾರ ಮಾಡಲು ೧೯೬೨ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಅದರ ಮುಂಚೂಣಿಯಲ್ಲಿತ್ತು. ಸುಮಾರು ೨೦,೦೦೦ ಮಂದಿ ಸ್ವಯಂಸೇವಕರು ಸಂಬಳವಿಲ್ಲದೆ ಕಲಿಸಲು ಮುಂದೆ ಬಂದರು. ಆದರೆ ಪಾಠಕ್ಕೆ ಕುಳಿತ ವಯಸ್ಸಾದವರಲ್ಲಿ ಎಷ್ಟೋ ಮಂದಿಗೆ ಪುಸ್ತಕದ ಅಕ್ಷರವೇ ಕಾಣುತ್ತಿರಲಿಲ್ಲ.

ಇದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ. ಹತ್ತಿರದ ವಸ್ತುವನ್ನು ನೋಡಬೇಕಾದರೆ ಕಣ್ಣಿನ ಮಸೂರವು ಹೆಚ್ಚು ಉಬ್ಬಬೇಕು. ವಯಸ್ಸಾದಂತೆಲ್ಲ ಮಸೂರವು ಗಡುಸಾಗಿ ಹಾಗೆ ಉಬ್ಬಲಾರದು. ಇಪ್ಪತ್ತರ ಯುವಕನು ೧೦ ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲನು. ನಲವತ್ತನ್ನು ದಾಟಿದವರಿಗೆ ೨೫ ಸೆಂಟಿಮೀಟರಿನಲ್ಲಿಯೂ ಕಷ್ಟವಾಗತೊಡಗುತ್ತದೆ. ನಲವತ್ತಕ್ಕೆ ಬರುವ ದೋಷವಾದುದರಿಂದಲೇ ಅದಕ್ಕೆ ನಮ್ಮ ಜನರು ‘ಚಾಳೀಸು’ ಎಂದು ಹೆಸರಿಟ್ಟರು. ಒಬ್ಬರಿಗೆ ಸ್ಪಷ್ಟವಾಗಿ ಕಾಣುವ ಅತಿ ಸಮೀಪದ ದೂರವು ಒಂದು ಮೀಟರಿಗೆ ಸರಿದಿದೆಯೆನ್ನೋಣ. ಅವರು ಪುಸ್ತಕವನ್ನು ೨೫ ಸೆಂಟಿಮೀಟರಿನಲ್ಲಿಟ್ಟು ಓದಬೇಕಾದರೆ ಬೇಕಾದುದು ೪ರಲ್ಲಿ ೧ನ್ನು ಕಳೆದು ಉಳಿದ ೩ ಡಯಾಪ್ಟರ್ ಸಾಮರ್ಥ್ಯದ ಪೀನಮಸೂರ. ಇಷ್ಟೆ! ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ನೊಂದು ತರಗತಿಯನ್ನು ಬಿಡುವ ಅಜ್ಜಿಯ ತಲೆಯಲ್ಲಿ ಯಾವ ದೋಷವೂ ಇಲ್ಲದೆ, ಮೂರು ಡಯಾಪ್ಟರುಗಳ ಕೊರತೆ ಮಾತ್ರ ಇರಬಹುದು.

ಎರ್ನಾಕುಲಂ ಜಿಲ್ಲೆಯ ಕಾರ್ಯಕರ್ತರು ಇದನ್ನು ಅರಿತು, ಮನೆಮನೆಗಳಿಂದ ಹಳೆಯ ಕನ್ನಡಕಗಳನ್ನು ಸಾವಿರಗಟ್ಟಲೆ ಬೇಡಿ ತಂದು, ಯಾರಿಗೆ ಯಾವುದು ಹೊಂದುವುದೆಂದು ಪರೀಕ್ಷಿಸುವುದನ್ನು ವೈದ್ಯರಿಂದ ಕಲಿತು ಹಂಚಿದರು. ೧೯೯೦ರ ಫೆಬ್ರವರಿ ೪ರಂದು ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ತರುವಾಯದ ವರ್ಷಗಳಲ್ಲಿ ಕರ್ನಾಟಕದ ಜಿಲ್ಲೆಗಳೂ ಇದೇ ಮಾದರಿಯ ಆಂದೋಲನವನ್ನು ಕೈಗೊಂಡುವು.

ತಾಯಿಯ ಓದು, ಮಗುವಿನ ಆಯುಸ್ಸು

ಇಷ್ಟೆಲ್ಲ ಶ್ರಮದಿಂದ ಲಭಿಸುವ ಫಲವೇನು? ೧೯೭೯ರಲ್ಲಿ ಜಾನ್ ಕಾಲ್ಡ್‌ವೆಲ್ ಎಂಬ ಜನಸಂಖ್ಯಾಶಾಸ್ತ್ರಜ್ಞರು ನೈಜೀರಿಯಾ ದೇಶದಲ್ಲಿ ಸಂಗ್ರಹಿಸಿದ ಅಂಕಿ ಅಂಶಗಳನ್ನು ವಿಶ್ಲೇಷಿಸಿ, ಮಕ್ಕಳ ಉಳಿವಿಗೂ ತಾಯಿಯ ವಿದ್ಯೆಗೂ ಬಲವಾದ ಸಂಬಂಧವಿದೆಯೆಂದು ತೋರಿಸಿದರು. ಓದಿದ ತಾಯಂದಿರು ಹಣವಂತರೂ ಆಗಿರುವುದರಿಂದ ಹಾಗಾಗುತ್ತದೆಯೆ ಎಂಬ ಸಂದೇಹ ಬರುವುದು ಸಹಜ. ತಂದೆಯ ಉದ್ಯೋಗ ಮುಂತಾದ ಇತರ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ತಾಯಿಯ ವಿದ್ಯೆಯ ಪ್ರಭಾವ ಉಳಿದೇ ಇತ್ತು. ೨೦೧೦ರಲ್ಲಿ ೧೭೫ ದೇಶಗಳ ಅಂಕಿಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನವು, ೧೯೭೦ರಿಂದ ೨೦೦೯ರವರೆಗೆ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಆದ ೮೨ ಲಕ್ಷದ ಇಳಿಕೆಯಲ್ಲಿ ೪೨ ಲಕ್ಷಕ್ಕೆ ಹೆಂಗಸರ ವಿದ್ಯಾಭ್ಯಾಸವು ಹೆಚ್ಚಿದುದೇ ಕಾರಣವೆಂದು ಅಂದಾಜು ಮಾಡಿತು. ಇಲ್ಲಿ ಹೇಳಿರುವುದು ಬರಿಯ ಅಕ್ಷರಜ್ಞಾನವನ್ನಲ್ಲ, ಶಾಲೆಯ ವಿದ್ಯೆಯನ್ನು. ಆದರೆ ಆ ವಿದ್ಯೆಗೆ ಮೊದಲ ಮೆಟ್ಟಿಲು ಅಕ್ಷರವೇ ಅಲ್ಲವೆ?

ಅಳೆಯುವ ಬಗೆ

೧೯೫೮ರಲ್ಲಿ ಯುನೆಸ್ಕೋ ಸಂಸ್ಥೆಯು, ತನ್ನ ನಿತ್ಯಜೀವನವನ್ನು ಕುರಿತ ಒಂದು ಚಿಕ್ಕ ಸರಳ ವಾಕ್ಯವನ್ನು ಅರ್ಥ ತಿಳಿದು ಓದಬಲ್ಲವನು ಮತ್ತು ಬರೆಯಬಲ್ಲವನು ಸಾಕ್ಷರನೆಂದು ವ್ಯಾಖ್ಯೆ ಮಾಡಿತು. ಇದರಲ್ಲಿ ‘ಅರ್ಥ ತಿಳಿದು’ ಎಂಬ ಮಾತು ಮುಖ್ಯ. ರುಜು ಹಾಕಲು ಕಲಿತ ಮಾತ್ರಕ್ಕೆ ಈ ಅಳತೆಯಲ್ಲಿ ತೇರ್ಗಡೆಯಾಗಲಾಗದು.

ಭಾರತದಲ್ಲಿ ೧೯೫೧ರ ಜನಗಣತಿಯ ಕಾಲಕ್ಕೆ ನೂರಕ್ಕೆ ಸುಮಾರು ೧೮ ಮಂದಿ ಸಾಕ್ಷರರಿದ್ದರು. ೨೦೧೧ರ ಗಣತಿಯಲ್ಲಿ ಸುಮಾರು ೭೩ ಮಂದಿ. ಪ್ರಗತಿ ದೊಡ್ಡದೇ. ಆದರೆ ಶೇಕಡಾವಾರು ಲೆಕ್ಕವೊಂದನ್ನೇ ನೋಡುವವರು ಮೋಸಹೋಗಬಹುದು. ತಳದಲ್ಲಿ ತೂಬು ತೆರೆದ ತೊಟ್ಟಿಗೆ ಮೇಲಿನಿಂದ ಅದಕ್ಕಿಂತ ರಭಸವಾಗಿ ನೀರು ಬೀಳುತ್ತಿದ್ದರೆ ಮಟ್ಟ ಏರುತ್ತಲೇ ಇರುತ್ತದೆ. ಹಾಗೆಯೇ, ಸಾಕ್ಷರರ ಪ್ರಮಾಣವು ಪ್ರತಿ ಗಣತಿಯಲ್ಲಿಯೂ ಏರುತ್ತಿದ್ದರೂ, ಜನಸಂಖ್ಯೆ ಬೆಳೆಯುತ್ತಿದ್ದುದರಿಂದ ನಿರಕ್ಷರರ ಒಟ್ಟು ಸಂಖ್ಯೆಯೂ ಏರುತ್ತಲೇ ಇತ್ತು. ಆ ಸಂಖ್ಯೆಯು ಮೊದಲ ಬಾರಿಗೆ ಇಳಿದುದು ೧೯೯೧ರಿಂದ ೨೦೦೧ರವರೆಗಿನ ದಶಕದಲ್ಲಿ. ಸರಾಸರಿಯೂ ಹಾಗೆಯೇ ಹಲವನ್ನು ಮರೆಮಾಚುತ್ತದೆ. ೨೦೧೧ರಲ್ಲಿ ಕರ್ನಾಟಕದ ಸರಾಸರಿಯು ನೂರಕ್ಕೆ ೭೫ ಆಗಿದ್ದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸುಮಾರು ೮೯, ಯಾದಗಿರಿಯಲ್ಲಿ ಸುಮಾರು ೫೨ ಇತ್ತು.

ವಿದ್ಯಾರ್ಥಿಗಳ ಪಾಲು

೧೯೬೧ರಲ್ಲಿ ಕ್ಯೂಬಾ ದೇಶವು ಒಂದೇ ವರ್ಷದಲ್ಲಿ ಸುಮಾರು ೭ ಲಕ್ಷ ಜನರಿಗೆ ಓದುಬರಹವನ್ನು ಕಲಿಸಿತು. ನಿರಕ್ಷರರ ಪ್ರಮಾಣವು ನೂರಕ್ಕೆ ೨೩ಕ್ಕಿಂತ ಹೆಚ್ಚಿದ್ದುದು ೪ಕ್ಕಿಂತ ಕೆಳಗಿಳಿಯಿತೆಂದು ಅಲ್ಲಿನ ಸರಕಾರ ಸಾರಿತು. ಆ ಕೆಲಸಕ್ಕೆ ಹೊರಟವರಲ್ಲಿ ಸುಮಾರು ಒಂದು ಲಕ್ಷ ಮಂದಿ ನಿಮ್ಮ ವಯಸ್ಸಿನ ವಿದ್ಯಾರ್ಥಿ ವಿದ್ಯಾರ್ಥಿನಿಯರು. ಅವರು ಶಾಲೆಗಳನ್ನು ಬಿಟ್ಟು ಹಳ್ಳಿಗಳಲ್ಲಿ ರೈತರೊಡನೆ ವಾಸಮಾಡಿ, ಹಗಲು ಹೊಲದಲ್ಲಿ ದುಡಿದು, ರಾತ್ರಿ ಲಾಂದ್ರದ ಬೆಳಕಿನಲ್ಲಿ ಪಾಠ ಹೇಳಿದರು. ನಮ್ಮಲ್ಲಿ ೨೦೨೨ರಿಂದ ೨೦೨೭ರವರೆಗಿನ ಅವಧಿಗೆ ರೂಪಿಸಲಾದ ನವಭಾರತ ಸಾಕ್ಷರತಾ ಕಾರ್ಯಕ್ರಮವೂ ವಿದ್ಯಾರ್ಥಿಗಳೇ ಮೊದಲಾದ ಸ್ವಯಂಸೇವಕರನ್ನು ನಂಬಿಕೊಂಡಿದೆ.

ಇದಕ್ಕಾಗಿ ನೀವು ಕಾಲೇಜನ್ನು ಬಿಡಬೇಕಾಗಿಲ್ಲ. ನಿಮ್ಮ ಮನೆಯಲ್ಲಿಯೋ ಬೀದಿಯಲ್ಲಿಯೋ ಓದು ಬಾರದ ಒಬ್ಬರನ್ನು ಆರಿಸಿಕೊಳ್ಳಿ. ಮೊದಲು ಅವರ ಮುಂದೆ ಒಂದು ಪುಸ್ತಕವನ್ನು ಹಿಡಿದು ಅಕ್ಷರಗಳ ಗೆರೆ ನಿಚ್ಚಳವಾಗಿ ಕಾಣುತ್ತದೆಯೆ ಎಂದು ಕೇಳಿ. ಕಾಣದಿದ್ದರೆ ಕನ್ನಡಕದ ಏರ್ಪಾಡು ಮಾಡಿ. ಅವರು ಆಡುವ ಭಾಷೆಯಲ್ಲಿಯೇ ಪಾಠವನ್ನು ಆರಂಭಿಸಿ. ವರ್ಣಮಾಲೆ ಮುಗಿದ ದಿನ ಕೆಲಸ ಮುಗಿಯಿತೆಂದು ಏಳಬೇಡಿ. ನಿಜವಾದ ಕೆಲಸ ಶುರುವಾಗುವುದೇ ಆಗ. ಬಸ್ಸಿನ ಫಲಕ, ಪಡಿತರ ಚೀಟಿ, ಔಷಧದ ಸೀಸೆ, ಗೊಬ್ಬರದ ಚೀಲ, ಹೀಗೆ ದಿನವೂ ಕಣ್ಣಿಗೆ ಬೀಳುವುದನ್ನು ದಿನಕ್ಕೆ ಅರ್ಧ ಗಂಟೆ ಓದಿಸಿ. ಔಷಧದ ಸೀಸೆಯ ಮೇಲಿನ ಆ ೨೪ ಅಕ್ಷರಗಳ ವಾಕ್ಯವನ್ನು ಅವರು ತಡೆಯದೆ ಓದಿ, ನೀವು ಕೇಳದೆಯೇ ಅದರ ಅರ್ಥವನ್ನು ಹೇಳುವವರೆಗೆ ಬಿಡಬೇಡಿ.